ತಗಡಿನ ಶೆಡ್ಡಿಗೆ ಟ್ರ್ಯಾಕ್ ಲೈಟ್: ಹಗ್ಗ ಬೇಡ, ಬಾಕ್ಸ್ ಪೈಪ್ ಇರಲಿ

ಬಳ್ಳಾರಿಯ ಕೌಲ್ ಬಜಾರ್ ಕಡೆ ನನ್ನ ಬಾಮೈದನದೊಂದು ಜೀನ್ಸ್ ಹೊಲಿಯುವ ಘಟಕ ಇದೆ. ಹಿಂದೆ ಮಷಿನ್‌ಗಳು, ಮುಂದೆ ಗೋಡೌನ್. ಆ ಗೋಡೌನನ್ನೇ ಚಿಲ್ಲರೆ ಮಾರಾಟದ ಅಂಗಡಿ ಮಾಡೋಣ ಅಂತ ಅವನ ಆಸೆ. ರ‍್ಯಾಕು, ಕನ್ನಡಿ, ಗೊಂಬೆ ಎಲ್ಲ ಅವನೇ ನೋಡಿಕೊಂಡ. ಲೈಟಿನ ಕೆಲಸ ಮಾತ್ರ ನನ್ನ ತಲೆಗೆ ಕಟ್ಟಿದ.

ಜಾಗ 30 ಅಡಿ ಅಗಲ, 40 ಅಡಿ ಉದ್ದ. ಮೇಲೆ ಬಣ್ಣದ ತಗಡು. ಹತ್ತು ಹತ್ತು ಅಡಿಗೆ ಒಂದೊಂದು ಆಂಗಲ್ ಟ್ರಸ್, ಅಂದರೆ ತಗಡನ್ನು ಹೊರುವ ಕಬ್ಬಿಣದ ಚೌಕಟ್ಟು. ಟ್ರಸ್ಸಿನ ಕೆಳಗಿನ ಆಂಗಲ್ ನೆಲದಿಂದ 12 ಅಡಿ ಎತ್ತರದಲ್ಲಿದೆ. ಫಾಲ್ ಸೀಲಿಂಗ್ ಮಾಡಿಸುವ ಮಾತೇ ಇರಲಿಲ್ಲ. ತಗಡಿನ ಮೇಲೆ ಗಾಳಿಗೆ ತಿರುಗುವ ಟರ್ಬೊ ಫ್ಯಾನ್‌ಗಳಿವೆ, ಬಿಸಿ ಗಾಳಿಯೆಲ್ಲ ಅಲ್ಲಿಂದಲೇ ಹೊರಗೆ ಹೋಗಬೇಕು. ಅದಕ್ಕೆ ಅಡ್ಡ ಹಲಗೆ ಹೊಡೆದರೆ ಮೇ ತಿಂಗಳಲ್ಲಿ ಒಳಗೆ ನಿಲ್ಲೋಕಾಗಲ್ಲ. ಹಾಗಾಗಿ ಟ್ರಸ್ ಕಾಣುವ ಹಾಗೇ ಬಿಟ್ಟು, ಅದರಿಂದ ಟ್ರ್ಯಾಕ್, ಅಂದರೆ ಸ್ಪಾಟ್ ಲೈಟುಗಳನ್ನು ಬೇಕಾದ ಕಡೆ ಸಿಕ್ಕಿಸುವ ಕರೆಂಟಿನ ಉದ್ದ ಪಟ್ಟಿ, ಇಳಿಬಿಡುವುದು ಅಂತ ಆಯ್ತು.

ಅವನು ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದ. ಯಾವುದೋ ದೊಡ್ಡ ಊರಿನ ಕಾಫಿ ಅಂಗಡಿ. ಸಣ್ಣ ಸ್ಟೀಲ್ ಹಗ್ಗದಲ್ಲಿ ಕಪ್ಪು ಟ್ರ್ಯಾಕ್ ತೇಲುತ್ತಿದೆ. "ಭಾವ, ಹಿಂಗ ಹಗ್ಗದಾಗ ತೂಗಿಬಿಟ್ರ ಮುಗೀತಲ್ಲ?"

ನೋಡಲು ಚಂದ, ನಿಜ. ಆದರೆ ಅಲ್ಲಿ ಎಸಿ ಇದೆ. ನಮ್ಮಲ್ಲಿ 48 ಇಂಚಿನ ಫ್ಯಾನ್‌ಗಳು ಬೆಳಿಗ್ಗೆಯಿಂದ ರಾತ್ರಿವರೆಗೆ ಫುಲ್ ಸ್ಪೀಡಲ್ಲಿ ತಿರುಗುತ್ತವೆ. ಹಗ್ಗದಲ್ಲಿ ನೇತಾಡುವ ಟ್ರ್ಯಾಕ್ ಆ ಗಾಳಿಗೆ ಒಣಹಾಕಿದ ಬಟ್ಟೆಯ ಹಾಗೆ ಅಲ್ಲಾಡುತ್ತದೆ. ಇನ್ನೊಂದು ತೊಂದರೆ ಫೋಟೊದಲ್ಲಿ ಕಾಣುವುದೇ ಇಲ್ಲ. ಸ್ಪಾಟ್ ಲೈಟಿನ ತಲೆಯನ್ನು ಒಂದು ಕಡೆಗೆ ತಿರುಗಿಸಿದ ತಕ್ಷಣ ಅದರ ಭಾರ ಆ ಕಡೆ ವಾಲುತ್ತದೆ. ಹನ್ನೆರಡು ಸ್ಪಾಟೂ ಗೋಡೆ ಕಡೆಗೇ ಮುಖ ಮಾಡಿದರೆ ಟ್ರ್ಯಾಕೇ ತಿರುಚಿಕೊಳ್ಳುತ್ತದೆ. ಆಮೇಲೆ ಏಣಿ ಹತ್ತಿ ಒಂದನ್ನು ಸರಿ ಮಾಡಿದರೆ ಪಕ್ಕದ ನಾಲ್ಕು ಜಾಗ ಬಿಡುತ್ತವೆ.

ಹಗ್ಗದ ಕಿಟ್ ಕೆಟ್ಟದ್ದು ಅಂತಲ್ಲ. ಎರಡು ಮೀಟರಿನ ಒಂದೇ ತುಂಡು, ಹತ್ತಿರ ಫ್ಯಾನಿಲ್ಲ, ಸ್ಪಾಟ್‌ಗಳು ನೇರ ಕೆಳಗೆ ನೋಡುತ್ತವೆ ಅಂದರೆ ಅದೇ ಒಳ್ಳೆಯದು. ಹಗ್ಗ ಹಿಡಿಯುವ ಗ್ರಿಪ್ಪರ್ ಒತ್ತಿ ಹಗ್ಗ ಎಳೆದರೆ ಎತ್ತರ ಮಿಲಿಮೀಟರ್ ಲೆಕ್ಕದಲ್ಲಿ ಸರಿಹೋಗುತ್ತದೆ. ನಮ್ಮ ಕ್ಯಾಶ್ ಕೌಂಟರ್ ಮೇಲೆ ಅದನ್ನೇ ಹಾಕಿದೆವು. ಒಂದೊಂದು ತುದಿಗೂ ಎರಡು ಹಗ್ಗ, ಮೇಲೆ ಅಗಲವಾಗಿ ಕಟ್ಟಿ ಕೆಳಗೆ ಒಂದೇ ಕಡೆ ಸೇರಿಸಿದ್ದು. ಹಾಗೆ ಕಟ್ಟಿದರೆ ಅಡ್ಡಡ್ಡ ತೂಗಾಡುವುದಿಲ್ಲ. ಚೈನ್ ಹಾಕಿಸಿದವರೂ ಊರಲ್ಲಿದ್ದಾರೆ. ಅಗ್ಗ, ಆದರೆ ಹಗ್ಗದ ಅವಗುಣ ಎಲ್ಲ ಅದಕ್ಕೂ ಇದೆ, ನೋಡಲು ಹಗ್ಗದಷ್ಟು ಚಂದವೂ ಇಲ್ಲ.

ಉದ್ದದ ಸಾಲುಗಳಿಗೆ ನಾನು ಹೇಳಿದ್ದು ಇಷ್ಟು: ಟ್ರ್ಯಾಕನ್ನು ನೇರವಾಗಿ ತೂಗಬೇಡ. ಮೊದಲು ಗಟ್ಟಿಯಾದ ಒಂದು ಕಬ್ಬಿಣದ ಪೈಪ್ ತೂಗು, ಅದರ ಹೊಟ್ಟೆಗೆ ಟ್ರ್ಯಾಕ್ ಹಚ್ಚು. ಟ್ರ್ಯಾಕ್ ಅಂದರೆ ತೆಳು ಅಲ್ಯೂಮಿನಿಯಂ, ಮೀಟರಿಗೊಂದು ಆಸರೆ ಕೇಳುತ್ತದೆ. ನಮ್ಮ ಟ್ರಸ್‌ಗಳು ಮೂರು ಮೀಟರಿಗೊಂದು. ನಡುವೆ ತಗಡು ಕೂರುವ ಅಡ್ಡ ಕಬ್ಬಿಣ, ಅಂದರೆ ಪರ್ಲಿನ್‌ಗಳಿವೆ ನಿಜ. ಆದರೆ ಅವು ಇಳಿಜಾರಿನಲ್ಲಿ ತಗಡಿಗೆ ಅಂಟಿಕೊಂಡಿವೆ, ಅಲ್ಲಿಂದ ಇಳಿಸಿದರೆ ಒಂದೊಂದು ರಾಡೂ ಆರು ಏಳು ಅಡಿ ಉದ್ದ ಬೇಕು. ಪೈಪ್ ಇದ್ದರೆ ಆ ಜಂಜಾಟ ಇಲ್ಲ.

ಎಷ್ಟು ದಪ್ಪದ ಪೈಪ್? ವೆಲ್ಡಿಂಗ್ ಮೇಸ್ತ್ರಿ ಒಂದು ಇಂಚಿನದೇ ಸಾಕು ಅಂದರು. ಲೆಕ್ಕ ಹಾಕಿ ನೋಡಿದೆ. 25 ಎಂಎಂ ಚೌಕದ, 1.6 ಎಂಎಂ ದಪ್ಪದ ಬಾಕ್ಸ್ ಪೈಪ್ ಎರಡು ಟ್ರಸ್ ನಡುವಿನ ಮೂರು ಮೀಟರಿನಲ್ಲಿ, ತನ್ನ ಭಾರ ಮತ್ತು ಲೈಟಿನ ಭಾರ ಸೇರಿ, ನಡುವೆ ಒಂದು ಸೆಂಟಿಮೀಟರಿಗಿಂತ ಜಾಸ್ತಿ ಬಾಗುತ್ತದೆ. ಮುರಿಯುವುದಿಲ್ಲ. ಆದರೆ ಬಾಗಿಲಲ್ಲಿ ನಿಂತು ಸಾಲಿನುದ್ದಕ್ಕೂ ಕಣ್ಣು ಹಾಯಿಸಿದರೆ ಅಲೆ ಅಲೆ ಕಾಣುತ್ತದೆ. 40 ಎಂಎಂ ಚೌಕ, 2 ಎಂಎಂ ದಪ್ಪದ್ದಾದರೆ ಅದೇ ಜಾಗದಲ್ಲಿ ಸುಮಾರು 3 ಎಂಎಂ ಅಷ್ಟೇ. ಅದು ಕಣ್ಣಿಗೆ ಬೀಳುವುದಿಲ್ಲ. ಅದನ್ನೇ ತಂದೆವು.

ಭಾರದ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಯಾಕಂದರೆ ಶೆಡ್ ಮಾಲೀಕರು ಮೊದಲು ಕೇಳುವುದೇ ಅದು. ಆ ಪೈಪ್ ಮೀಟರಿಗೆ 2.4 ಕೆಜಿ. ಒಂದು ಸಾಲು 9 ಮೀಟರ್, ಅಂದರೆ 22 ಕೆಜಿ ಹತ್ತಿರ. ಟ್ರ್ಯಾಕು ಏಳು ಕೆಜಿ, ಹನ್ನೆರಡು ಸ್ಪಾಟು ಏಳು ಕೆಜಿ. ಒಟ್ಟು 36. ಇದು ನಾಲ್ಕು ಟ್ರಸ್‌ಗಳಿಗೆ ಹಂಚಿಹೋಗುತ್ತದೆ. ನಡುವಿನ ಟ್ರಸ್‌ಗಳಿಗೆ ಒಂದು ಸಾಲಿನಿಂದ 12–13 ಕೆಜಿ ಬೀಳುತ್ತದೆ, ಎರಡು ಮೂರು ಸೀಲಿಂಗ್ ಫ್ಯಾನಿನಷ್ಟು. ಟ್ರಸ್ಸಿಗೆ ಅದೊಂದು ಭಾರವೇ ಅಲ್ಲ, ಆದರೆ ಎಲ್ಲಿ ತೂಗುತ್ತೀರಿ ಅನ್ನುವುದು ಮುಖ್ಯ. ಟ್ರಸ್ಸಿನಲ್ಲಿ ಓರೆ ಆಂಗಲ್‌ಗಳು ಬಂದು ಸೇರುವ ಜಾಗ ಇರುತ್ತದಲ್ಲ, ಗಸೆಟ್ ಪ್ಲೇಟ್ ಇರುವ ಕಡೆ, ಅಲ್ಲೇ ತೂಗಬೇಕು. ಎರಡು ಗಸೆಟ್‌ಗಳ ನಡುವೆ ತೂಗಿದರೆ ಕೆಳಗಿನ ಆಂಗಲ್ ಬಾಗುವ ಕೆಲಸವನ್ನೂ ಮಾಡಬೇಕಾಗುತ್ತದೆ. ಅದನ್ನು ಹಾಕಿರುವುದು ಎಳೆತ ತಡೆಯೋದಕ್ಕೆ.

ಮೇಸ್ತ್ರಿಗೆ ಇನ್ನೊಂದು ಸುಲಭದ ದಾರಿ ಗೊತ್ತಿತ್ತು. "ಅಣ್ಣಾ, ಟ್ರಸ್ಸಿಗೆ ಎರಡೆರಡು ಟಾಕಾ ಹೊಡೆದುಬಿಡ್ತೀನಿ, ನೂರು ವರ್ಷ ಅಲ್ಲಾಡಲ್ಲ." ಬೇಡವೇ ಬೇಡ ಅಂದೆ. ಎಳೆತದಲ್ಲಿರುವ ಆಂಗಲ್‌ಗೆ ಸುಮ್ನೆ ವೆಲ್ಡಿಂಗ್ ಟಾಕಾ ಹೊಡೆಯಬಾರದು, ತೂತೂ ಕೊರೆಯಬಾರದು. ಅದಕ್ಕಿಂತ ದೊಡ್ಡ ಕಾರಣ ಕೆಳಗೇ ಇತ್ತು. ಪಕ್ಕದ ಕೋಣೆಯಲ್ಲಿ ಬಟ್ಟೆ ಥಾನುಗಳು, ಎಲ್ಲೆಲ್ಲೂ ಜೀನ್ಸಿನ ನೀಲಿ ಧೂಳು. ವೆಲ್ಡಿಂಗಿನ ಒಂದು ಕಿಡಿ ಸಾಕು. ವೆಲ್ಡಿಂಗ್ ಏನಿದ್ದರೂ ಅವರ ಅಂಗಡಿಯಲ್ಲೇ ಮುಗಿಸಿಕೊಂಡು ಬರಲಿ ಅಂತ ಕಟ್ಟುನಿಟ್ಟಾಗಿ ಹೇಳಿದೆ.

ಹಾಗಾದರೆ ಹಿಡಿಯುವುದು ಹೇಗೆ? ನಮ್ಮ ಟ್ರಸ್ಸಿನ ಕೆಳಗಿನ ಭಾಗ ಜೋಡಿ ಆಂಗಲ್. ಎರಡು ಆಂಗಲ್ ಬೆನ್ನಿಗೆ ಬೆನ್ನು, ನಡುವೆ ಗಸೆಟ್ ಪ್ಲೇಟ್. ಆ ಪ್ಲೇಟ್ 10 ಎಂಎಂ ದಪ್ಪ ಇರುವುದರಿಂದ ಆಂಗಲ್‌ಗಳ ನಡುವೆ ಉದ್ದಕ್ಕೂ 10 ಎಂಎಂ ಸಂದು ಇದೆ. 8 ಎಂಎಂ ಫುಲ್ ಥ್ರೆಡ್ ರಾಡ್ ಅದರಲ್ಲಿ ಸಲೀಸಾಗಿ ಇಳಿಯುತ್ತದೆ. ಗಸೆಟ್ ಮುಗಿದ ತಕ್ಷಣ, ಅದಕ್ಕೆ ತಾಗಿದ ಹಾಗೆ ರಾಡ್ ಇಳಿಸಿ, ಮೇಲೆ ಎರಡೂ ಆಂಗಲ್ ಮೇಲೆ ಕೂರುವ ಹಾಗೆ 6 ಎಂಎಂ ಪಟ್ಟಿಯ ತುಂಡು, ಅದರ ಮೇಲೆ ವಾಷರ್, ನಟ್ಟು. ಕೆಳಗಿನಿಂದ ಇನ್ನೊಂದು ಪಟ್ಟಿ, ಇನ್ನೊಂದು ನಟ್ಟು. ಎರಡೂ ಬಿಗಿದರೆ ಆಂಗಲ್‌ಗಳು ಪಟ್ಟಿಗಳ ನಡುವೆ ಸಿಕ್ಕಿಕೊಳ್ಳುತ್ತವೆ, ರಾಡ್ ಅತ್ತಿತ್ತ ವಾಲುವುದಿಲ್ಲ. ತೂತಿಲ್ಲ, ಟಾಕಾ ಇಲ್ಲ. ಬೇಡ ಅಂದ ದಿನ ನಟ್ಟು ಬಿಚ್ಚಿದರೆ ಟ್ರಸ್ ಮೊದಲಿನ ಹಾಗೇ.

ನಿಮ್ಮ ಶೆಡ್ಡಿನಲ್ಲಿ ಒಂಟಿ ಆಂಗಲ್ ಇದ್ದರೆ ಬೀಮ್ ಕ್ಲಾಂಪ್ ಬರುತ್ತದೆ, ಅಂಚನ್ನು ಕಚ್ಚಿ ಹಿಡಿಯುವಂಥದ್ದು. ಅದರ ಬೋಲ್ಟ್ ಬಿಗಿದ ಮೇಲೆ ಲಾಕ್ ನಟ್ ಮರೆಯಬೇಡಿ. ಪೈಪ್ ಟ್ರಸ್ ಇದ್ದರೆ ಯು ಬೋಲ್ಟ್. ಹಾರ್ಡ್‌ವೇರ್ ಅಂಗಡಿಯಲ್ಲಿ ಸರಿಯಾದ ಅಳತೆ ಸಿಗದಿದ್ದರೆ ಗಾಡಿ ಬಿಡಿಭಾಗದ ಅಂಗಡಿಯಲ್ಲಿ ಸೈಲೆನ್ಸರ್ ಕ್ಲಾಂಪ್ ಕೇಳಿ, ಹೆಚ್ಚುಕಮ್ಮಿ ಎಲ್ಲ ಅಳತೆಯದ್ದೂ ಇರುತ್ತದೆ. ಆರ್‌ಸಿಸಿ ಸ್ಲ್ಯಾಬ್ ಆದರೆ 10 ಎಂಎಂ ತೂತು ಕೊರೆದು 8 ಎಂಎಂ ರಾಡಿನ ಡ್ರಾಪ್ ಇನ್ ಆ್ಯಂಕರ್ ಹೊಡೆಯುವುದು. ತೂತಿನೊಳಗಿನ ಸಿಮೆಂಟ್ ಪುಡಿ ಊದಿ ತೆಗೆಯದಿದ್ದರೆ ಆ್ಯಂಕರ್ ಕಚ್ಚುವುದಿಲ್ಲ. ಕೊಪ್ಪಳದ ಕಡೆ ಹಳೆಯ ಮಾಳಿಗೆ ಮನೆಯನ್ನು ಅಂಗಡಿ ಮಾಡುವವರು ಕೇಳುತ್ತಿರುತ್ತಾರೆ. ಅಲ್ಲಿ ತೊಲೆಯ ಪಕ್ಕಕ್ಕೆ ಹಿಡಿಯಬೇಕು, ಕೆಳಮುಖಕ್ಕೆ ಅಲ್ಲ. ತೊಲೆಗಳ ಮೇಲೆ ಹಾಸಿದ ಕಲ್ಲಿನ ಚಪ್ಪಡಿಗೆ ಮಾತ್ರ ಡ್ರಿಲ್ ಇಡಬೇಡಿ. ಸೀಳು ಬಿಟ್ಟರೆ ಮುಗೀತು.

ಗೋಡೆಯಿಂದ ಸಾಲು ಎಷ್ಟು ದೂರ ಇರಬೇಕು ಅನ್ನುವುದನ್ನು ಲೈಟ್ ಹೇಳುತ್ತದೆ, ಟ್ರಸ್ ಹೇಳುವುದಿಲ್ಲ. ಅಂದರೆ ಹಾಗಿರಬೇಕಿತ್ತು. ಟ್ರ್ಯಾಕ್ 10 ಅಡಿ ಎತ್ತರ, ನೋಡಬೇಕಾದ ಬಟ್ಟೆ ಸುಮಾರು 5 ಅಡಿ ಎತ್ತರ. ಬೆಳಕು ನೇರ ಕೆಳಗೆ ಬೀಳುವ ಗೆರೆಯಿಂದ 30 ಡಿಗ್ರಿ ಓರೆಯಲ್ಲಿ ಬಿದ್ದರೆ ಬಟ್ಟೆಯ ನೇಯ್ಗೆಯೂ ಕಾಣುತ್ತದೆ, ಮುಂದೆ ನಿಂತವರ ನೆರಳೂ ಬೀಳುವುದಿಲ್ಲ. ಆ ಲೆಕ್ಕಕ್ಕೆ ರ‍್ಯಾಕಿನ ಮುಖದಿಂದ 3 ಅಡಿ. ರ‍್ಯಾಕಿನ ಆಳ ಒಂದಡಿ. ಅಲ್ಲಿಗೆ ಗೋಡೆಯಿಂದ 4 ಅಡಿ ಆಯ್ತು. ನಮ್ಮ ಗಸೆಟ್ ಇದ್ದದ್ದು ಐದು ಅಡಿಯ ಹತ್ತಿರ, ಗೋಡೆ ಕಡೆ ಅದರ ಅಂಚು ನಾಲ್ಕೂವರೆ ಅಡಿಯಲ್ಲಿ. ಅರ್ಧ ಅಡಿಗೋಸ್ಕರ ಗಸೆಟ್ ಬಿಟ್ಟು ದೂರ ಹೋಗುವುದು ಬೇಡ ಅನ್ನಿಸಿತು. ಓರೆ 35 ಡಿಗ್ರಿ ಆಸುಪಾಸು ಬಂತು. ಪರವಾಗಿಲ್ಲ.

ಎತ್ತರ ಯಾಕೆ ಹತ್ತೇ ಅಡಿ ಅಂದರೆ, ಟ್ರಸ್ಸಿಗೇ ಅಂಟಿಸಿದರೆ ತಗಡಿನ ಬಿಸಿ ಜಾಸ್ತಿ. ಎಲ್‌ಇಡಿ ಕೆಡುವುದು ಅಪರೂಪ, ಕೆಡುವುದು ಅದಕ್ಕೆ ಕರೆಂಟ್ ಹೊಂದಿಸಿ ಕೊಡುವ ಡ್ರೈವರ್. ಡ್ರೈವರಿನೊಳಗಿನ ಕೆಪಾಸಿಟರ್ ಹತ್ತು ಡಿಗ್ರಿ ಬಿಸಿ ಏರಿದರೆ ಹೆಚ್ಚುಕಮ್ಮಿ ಅರ್ಧ ಆಯುಸ್ಸು ಕಳೆದುಕೊಳ್ಳುತ್ತದೆ. ಬಳ್ಳಾರಿಯಲ್ಲಿ ಏಪ್ರಿಲ್ ಮಧ್ಯಾಹ್ನ ತಗಡಿನ ಕೆಳಗೆ ಕೈ ಇಟ್ಟು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಅಡಿ ಕೆಳಗಿಳಿದರೂ ವ್ಯತ್ಯಾಸ ಗೊತ್ತಾಗುತ್ತದೆ.

ಪೈಪಿನ ಮೇಲ್ಮುಖಕ್ಕೆ, ರಾಡ್ ಬರುವ ಜಾಗಗಳಲ್ಲಿ, ಉದ್ದನೆಯ ಕಪ್ಲರ್ ನಟ್ಟುಗಳನ್ನು ಮೇಸ್ತ್ರಿ ಅಂಗಡಿಯಲ್ಲೇ ವೆಲ್ಡ್ ಮಾಡಿಸಿದೆ. ರಾಡ್ ಮೇಲಿನಿಂದ ಬಂದು ಅದರೊಳಗೆ ಕಚ್ಚುತ್ತದೆ, ಮೇಲೊಂದು ಲಾಕ್ ನಟ್. ಪೈಪಿಗೆ ಆರಪಾರ ತೂತು ಕೊರೆದು ಕೆಳಗೆ ನಟ್ಟು ಹಾಕುವವರೂ ಇದ್ದಾರೆ. ಹಾಗೆ ಮಾಡಿದರೆ ಆ ನಟ್ಟು ಕೆಳಗೆ ಉಬ್ಬಿಕೊಂಡು ಟ್ರ್ಯಾಕ್ ಚಪ್ಪಟೆಯಾಗಿ ಕೂರುವುದಿಲ್ಲ. ಪೈಪ್ ಬರುವುದು 6 ಮೀಟರ್ ಉದ್ದ. ಮೂರು ಮೀಟರಿನ ತುಂಡನ್ನು ಒಳಗೆ ಆಂಗಲ್ ಇಟ್ಟು ಬೋಲ್ಟಿನಿಂದ ಜೋಡಿಸಿದೆವು, ಟ್ರಸ್ಸಿನ ಹತ್ತಿರವೇ ಜೋಡು ಬರುವ ಹಾಗೆ. ರೆಡ್ ಆಕ್ಸೈಡ್, ಅದರ ಮೇಲೆ ಮ್ಯಾಟ್ ಕಪ್ಪು.

ರಾಡ್ ಕತ್ತರಿಸುವಾಗ ಒಂದು ಉಪಾಯ. ಗ್ರೈಂಡರ್ ಹಚ್ಚುವ ಮೊದಲೇ ಎರಡು ನಟ್ಟು ರಾಡಿಗೆ ಏರಿಸಿಡಿ. ಕತ್ತರಿಸಿದ ಮೇಲೆ ಆ ನಟ್ಟನ್ನು ತುದಿ ದಾಟಿಸಿ ಹೊರಗೆ ತೆಗೆದರೆ ಕೆಟ್ಟ ಥ್ರೆಡ್ ತಾನೇ ಸರಿಯಾಗುತ್ತದೆ. ಹಾಗೆ ಮಾಡದಿದ್ದರೆ ಹನ್ನೆರಡು ಅಡಿ ಮೇಲೆ ಕುತ್ತಿಗೆ ಎತ್ತಿಕೊಂಡು, ನಟ್ಟು ಯಾಕೆ ಹತ್ತುತ್ತಿಲ್ಲ ಅಂತ ಬೆವರು ಸುರಿಸಬೇಕು.

ಮೇಲಿನ ಕೆಲಸವೆಲ್ಲ ಬೆಳಿಗ್ಗೆ ಬಿಸಿಲೇರುವ ಮೊದಲು. ಏಣಿ ಬೇಡ, ಚಕ್ರದ ಸಾರುವೆ ಬಾಡಿಗೆಗೆ ತಂದೆವು. ಲೆವೆಲ್ಲಿಗೆ ನೀರು ತುಂಬಿದ ಟ್ಯೂಬ್, ಅದೇ ಸಾಕು. ಟ್ರಸ್ಸನ್ನು ನಂಬಿ ಎಲ್ಲ ರಾಡೂ ಒಂದೇ ಉದ್ದ ಕತ್ತರಿಸಿ ಕೊಡಬೇಡಿ. ನಮ್ಮ ಮೂರನೇ ಟ್ರಸ್ ಉಳಿದವಕ್ಕಿಂತ ಬೆರಳಿನಷ್ಟು ಕೆಳಗಿತ್ತು. ಎರಡು ತುದಿಯ ರಾಡ್ ಮೊದಲು ಹೊಂದಿಸಿ, ದಾರ ಕಟ್ಟಿ, ನಡುವಿನವನ್ನು ದಾರಕ್ಕೆ ತಂದೆವು. ಎತ್ತರ ಬದಲಿಸಬೇಕಾದರೆ ಟ್ರಸ್ಸಿನ ಕೆಳಗಿನ ನಟ್ಟು ಸಡಿಲಿಸಿ, ಮೇಲಿನದನ್ನು ತಿರುಗಿಸಿ, ಮತ್ತೆ ಬಿಗಿದರೆ ಆಯ್ತು. ಸಾಲಿನ ಎರಡೂ ತುದಿಯಲ್ಲಿ ಪೈಪಿನಿಂದ ಟ್ರಸ್ಸಿಗೆ ಒಂದೊಂದು ಓರೆ ಪಟ್ಟಿ ಕೊಟ್ಟೆವು. ಅದನ್ನು ಹಾಕಿದ ಮೇಲೆ ಪೈಪನ್ನು ಕೈಯಿಂದ ದೂಡಿದರೂ ಜಪ್ಪಯ್ಯ ಅನ್ನಲಿಲ್ಲ.

ಇನ್ನು ಟ್ರ್ಯಾಕ್. ಒಂದು ಸಾಲಿಗೆ ಎರಡು ಮೀಟರಿನ ನಾಲ್ಕು, ಒಂದು ಮೀಟರಿನದೊಂದು. ಟ್ರ್ಯಾಕಿನ ಬಾಯಿಯೊಳಗೆ ಕಣ್ಣಿಟ್ಟು ನೋಡಿ: ಒಂದು ಬದಿಯಲ್ಲಿ ಸಣ್ಣ ಏಣು ಉದ್ದಕ್ಕೂ ಇರುತ್ತದೆ. ಎಲ್ಲ ತುಂಡಿನಲ್ಲೂ ಆ ಏಣು ಒಂದೇ ಕಡೆ ಬರಬೇಕು. ಒಂದು ತುಂಡು ಉಲ್ಟಾ ಆದರೆ ಜೋಡಿಸುವ ಕನೆಕ್ಟರ್ ಒಳಗೆ ಹೋಗುವುದಿಲ್ಲ. ಒತ್ತಾಯ ಮಾಡಿ ತುರುಕುವವರಿದ್ದಾರೆ, ಅದು ಅಪಾಯ. ಕರೆಂಟ್ ಕೊಡುವ ತುದಿಯ ಫೀಡರಿನಲ್ಲೂ ಎಡ ಬಲ ಅಂತ ಬೇರೆ ಬೇರೆ ಇರುತ್ತವೆ, ಕೊಳ್ಳುವಾಗಲೇ ನೋಡಿಕೊಳ್ಳಿ. ಅರ್ಥ್ ಇರುವ ಮೂರು ತಂತಿಯ ಟ್ರ್ಯಾಕನ್ನೇ ತನ್ನಿ. ಅಂಗಡಿಯವರು ಎರಡು ತಂತಿಯದನ್ನೇ ಮುಂದೆ ಇಡುತ್ತಾರೆ, ಅಗ್ಗ ಅಂತ.

ಟ್ರ್ಯಾಕ್ ಕತ್ತರಿಸಬೇಕಾಗಿ ಬಂದರೆ ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡ್. ಕತ್ತರಿಸಿದ ಕಡೆ ಒಳಗಿನ ತಾಮ್ರದ ಪಟ್ಟಿ ಅಲ್ಯೂಮಿನಿಯಂ ಅಂಚಿಗೆ ಸಮನಾಗಿ ನಿಲ್ಲುತ್ತದೆ. ಹಾಗೆ ಬಿಡಬಾರದು. ನೋಸ್ ಪ್ಲೈಯರಿನಿಂದ ಎಳೆದು ಐದು ಮಿಲಿಮೀಟರಿನಷ್ಟು ಕತ್ತರಿಸಿ ಒಳಗೆ ಸರಿಸಬೇಕು, ಇಲ್ಲವಾದರೆ ಅಲ್ಯೂಮಿನಿಯಂಗೆ ತಾಗಿ ಶಾರ್ಟ್ ಆಗುತ್ತದೆ.

ಟ್ರ್ಯಾಕನ್ನು ಪೈಪಿಗೆ ಹಿಡಿಸಿದ್ದು ಚಪ್ಪಟೆ ತಲೆಯ 13 ಎಂಎಂ ಸೆಲ್ಫ್ ಡ್ರಿಲ್ ಸ್ಕ್ರೂನಿಂದ. ತಲೆ ಎತ್ತರ ಇದ್ದರೆ ಸ್ಪಾಟಿನ ಅಡಾಪ್ಟರ್ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ, ಹತ್ತಿರ ಹತ್ತಿರ ಎರಡು ಪಟ್ಟು. ಜನವರಿಯ ಬೆಳಗಿನ ಜಾವಕ್ಕೂ ಮೇ ಮಧ್ಯಾಹ್ನಕ್ಕೂ 30 ಡಿಗ್ರಿ ಅಂತರ ಇಟ್ಟುಕೊಂಡರೆ 9 ಮೀಟರಿನಲ್ಲಿ ಟ್ರ್ಯಾಕ್ 6 ಎಂಎಂ ಹಿಗ್ಗುತ್ತದೆ, ಪೈಪ್ 3 ಎಂಎಂ. ಉಳಿದ 3 ಎಂಎಂ ಎಲ್ಲಾದರೂ ಹೋಗಲೇಬೇಕಲ್ವಾ? ಅದಕ್ಕೆ ಸಾಲಿನ ನಡುಮಧ್ಯದ ಸ್ಕ್ರೂ ಮಾತ್ರ ಪೂರ್ತಿ ಬಿಗಿ. ಉಳಿದ ತೂತುಗಳನ್ನು ಅರದಿಂದ ಉಜ್ಜಿ ಸ್ವಲ್ಪ ಉದ್ದ ಮಾಡಿ, ಸ್ಕ್ರೂ ಕೂರುವಷ್ಟೇ ಬಿಗಿದೆವು. ಕೊರೆದ ಚೂರುಗಳು ಟ್ರ್ಯಾಕಿನೊಳಗೆ ಬಿದ್ದಿರುತ್ತವೆ. ಬ್ಲೋವರ್ ಹಿಡಿದು ಊದಿ, ಆಮೇಲೆ ಬ್ರಷ್.

ವೈರಿಂಗ್ ಎಲೆಕ್ಟ್ರಿಷಿಯನ್ ಮಾಡಿದರು, ಅದರಲ್ಲಿ ಹೆಚ್ಚು ಹೇಳುವುದಿಲ್ಲ. 1.5 ಚದರ ಎಂಎಂ ತಾಮ್ರದ ವೈರ್ ಬಾಕ್ಸ್ ಪೈಪಿನೊಳಗೇ ಬಂತು, ಒಳಹೋಗುವ ತೂತಿಗೆ ರಬ್ಬರ್ ಗ್ರೊಮೆಟ್. ಪೈಪಿಗೂ ಬೇರೆ ಅರ್ಥ್ ವೈರ್ ಕೊಟ್ಟಿದ್ದೇವೆ. ಬಣ್ಣ ಬಳಿದ ನಟ್ಟುಗಳನ್ನು ಅರ್ಥಿಗೆ ನಂಬಬಾರದು. 20 ವ್ಯಾಟಿನ ಹನ್ನೆರಡು ಸ್ಪಾಟ್ ಅಂದರೆ ಸಾಲಿಗೆ 240 ವ್ಯಾಟ್, ಒಂದು ಆಂಪಿಯರ್ ಚಿಲ್ಲರೆ. ಸಾಲಿಗೊಂದು 6 ಆಂಪಿಯರಿನ ಎಂಸಿಬಿ, ಸಿ ಟೈಪ್. ಎಲ್ಲ ಡ್ರೈವರ್‌ಗಳೂ ಒಟ್ಟಿಗೆ ಆನ್ ಆದಾಗ ಒಂದು ಕ್ಷಣ ಜಾಸ್ತಿ ಕರೆಂಟ್ ಎಳೆಯುತ್ತವೆ, ಬಿ ಟೈಪ್ ಆದರೆ ಸುಮ್ಮಸುಮ್ಮನೆ ಟ್ರಿಪ್ ಆಗಬಹುದು. ಅವುಗಳ ಮೇಲೆ, ಕರೆಂಟ್ ಸೋರಿದರೆ ಕಟ್ ಮಾಡುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಸ್ಪಾಟ್ ಹಾಕುವ ಮೊದಲು ಖಾಲಿ ಟ್ರ್ಯಾಕಿಗೆ 500 ವೋಲ್ಟಿನ ಮೆಗ್ಗರ್, ಅಂದರೆ ಇನ್ಸುಲೇಶನ್ ಪರೀಕ್ಷಿಸುವ ಮೀಟರ್, ಹಿಡಿದು ನೋಡಬೇಕು. ಸ್ಪಾಟ್ ಹಾಕಿ ಮೆಗ್ಗರ್ ಹಿಡಿದರೆ ಡ್ರೈವರ್‌ಗಳಿಗೆ ಏಟು.

ಆಮೇಲೆ ಒಂದೇ ಸ್ಪಾಟ್ ಹಿಡಿದು ಪ್ರತಿ ತುಂಡಿನಲ್ಲೂ ಹಾಕಿ ನೋಡಿದೆವು. ಬಲಗಡೆ ಸಾಲಿನ ಕೊನೆಯ ತುಂಡಿನಲ್ಲಿ ಹತ್ತಲಿಲ್ಲ. ಕನೆಕ್ಟರ್ ಎಳೆದು ನೋಡಿದರೆ ಅದರ ಒಂದು ತಾಮ್ರದ ನಾಲಿಗೆ ಒಳಗೆ ಮಡಚಿಕೊಂಡಿತ್ತು. ನೆಟ್ಟಗೆ ಮಾಡಿ, ಈ ಸಲ ಎರಡೂ ಕಡೆ ನೋಡುತ್ತಾ ಮೆಲ್ಲಗೆ ತಳ್ಳಿದ್ದಾಯ್ತು.

ಬಲ್ಬಿನ ಬಣ್ಣದ ಬಗ್ಗೆ ಬಾಮೈದನಿಗೂ ನನಗೂ ಸ್ವಲ್ಪ ಜಗಳವೇ ಆಯ್ತು. ಅವನಿಗೆ 3000 ಕೆಲ್ವಿನ್ನಿನ ಹಳದಿ ಬೆಳಕು ಬೇಕು, ದೊಡ್ಡ ಶೋರೂಮ್ ಕಳೆ ಬರುತ್ತದೆ ಅಂತ. ನಾನು ಎರಡು ಥರದ ಸ್ಪಾಟ್ ಅಕ್ಕಪಕ್ಕ ಸಿಕ್ಕಿಸಿ, ಒಂದೇ ಪ್ಯಾಂಟನ್ನು ಎರಡರ ಕೆಳಗೂ ಹಿಡಿದು ತೋರಿಸಿದೆ. ಹಳದಿಯಲ್ಲಿ ವಾಶ್ ಆಗದ ಗಾಢ ನೀಲಿ ಕಪ್ಪಾಗಿ ಕಾಣುತ್ತದೆ, ತಿಳಿ ನೀಲಿಗೆ ಕೊಳೆ ಹಿಡಿದ ಹಾಗಿರುತ್ತದೆ. 4000 ಕೆಲ್ವಿನ್, ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಂಕ, ನೂರಕ್ಕೆ) 90ರದ್ದರಲ್ಲಿ ನೀಲಿ ನೀಲಿಯಾಗೇ ಇತ್ತು. ಗಿರಾಕಿಗಳು ಪ್ಯಾಂಟ್ ಹಿಡಿದು ಬಾಗಿಲಿಗೆ ಹೋಗಿ ಬಿಸಿಲಲ್ಲಿ ಬಣ್ಣ ನೋಡುವುದನ್ನು ಎಲ್ಲ ಬಟ್ಟೆ ಅಂಗಡಿಯವರೂ ಕಂಡಿರುತ್ತಾರೆ. ಒಳಗಿನ ಬೆಳಕಿಗೂ ಹೊರಗಿನ ಬೆಳಕಿಗೂ ಬಣ್ಣ ಬೇರೆ ಆದರೆ ಅಲ್ಲೇ ವ್ಯಾಪಾರ ಹೋಯ್ತು. ಅವನು ಒಪ್ಪಿದ. ಹಳದಿಯವು ಕ್ಯಾಶ್ ಕೌಂಟರ್ ಮೇಲೆ ಹೋದವು.

ರ‍್ಯಾಕುಗಳಿಗೆ ಬೆಳಕು 36 ಡಿಗ್ರಿ ಅಗಲಕ್ಕೆ ಹರಡುವ ಸ್ಪಾಟ್. ನಮ್ಮ ದೂರಕ್ಕೆ ಬೆಳಕಿನ ಬಟ್ಟಲು ಸುಮಾರು ನಾಲ್ಕು ಅಡಿ ಅಗಲ, ಸ್ಪಾಟ್‌ಗಳು ಎರಡೂವರೆ ಅಡಿಗೊಂದು. ಒಂದರ ಅಂಚು ಇನ್ನೊಂದರೊಳಗೆ ಸೇರಿ ಗೋಡೆಯ ಮೇಲೆ ಕಪ್ಪು ಪಟ್ಟೆ ಉಳಿಯುವುದಿಲ್ಲ. ಗೊಂಬೆಗಳಿಗೆ 24 ಡಿಗ್ರಿ. ಗೊಂಬೆಗಳನ್ನು ಅಂಗಡಿಯ ನಡುವೆ ಇಡಬೇಕೆಂದಿದ್ದ. ಅಲ್ಲಿಗೆ ಬೆಳಕು ಬಿಡಬೇಕಾದರೆ ಫ್ಯಾನಿನ ರೆಕ್ಕೆ ಅಡ್ಡ ಬರುತ್ತದೆ. ತಿರುಗುವ ರೆಕ್ಕೆಯ ಮೂಲಕ ಬೆಳಕು ಹಾಯ್ದರೆ ಗೊಂಬೆಯ ಮೇಲೆ ನೆರಳು ಪಟಪಟ ಬಡಿಯುತ್ತದೆ, ನೋಡಿದವರಿಗೆ ತಲೆನೋವು. ಗೊಂಬೆಗಳು ಗೋಡೆ ಕಡೆ ಸರಿದವು.

ಸ್ಪಾಟ್ ತಿರುಗಿಸುವ ಕೆಲಸ ಕತ್ತಲಾದ ಮೇಲೆ, ಶಟರ್ ಎಳೆದುಕೊಂಡು. ಒಬ್ಬ ಸಾರುವೆ ಮೇಲೆ, ಒಬ್ಬ ಗಿರಾಕಿ ನಿಲ್ಲುವ ಜಾಗದಲ್ಲಿ. "ಭಾವ, ಕಣ್ಣಿಗೆ ಹೊಡಿತೈತಿ, ಇನ್ನಾ ಸ್ವಲ್ಪ ಕೆಳಗ." ಕನ್ನಡಿ ಇರುವ ಕಡೆ ಎರಡು ಸ್ಪಾಟ್ ತೆಗೆದೇಬಿಟ್ಟೆವು. ಟ್ರ್ಯಾಕಿನ ಅನುಕೂಲವೇ ಅದು, ತಿರುಗಿಸಿ ಕಿತ್ತು ಬೇರೆ ಕಡೆ ಹಾಕಿದರೆ ಆಯ್ತು.

ಎಲ್ಲ ನಟ್ಟಿಗೂ ರಾಡಿಗೂ ಸೇರಿಸಿ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದಿದ್ದೇನೆ. ನಟ್ಟು ಸಡಿಲಾದರೆ ಗೆರೆ ಮುರಿದದ್ದು ಕೆಳಗಿನಿಂದಲೇ ಕಾಣುತ್ತದೆ. ಹಿಂದಿನ ಮಷಿನ್‌ಗಳ ಅದುರು ಟ್ರಸ್‌ವರೆಗೆ ಬರುತ್ತದೆ, ಅದಕ್ಕೆ ಈ ಮುನ್ನೆಚ್ಚರಿಕೆ. ಪೈಪಿನ ಮೇಲೆ ಮತ್ತು ಸ್ಪಾಟಿನ ಬೆನ್ನಿನ ಮೇಲೆ ನೀಲಿ ಧೂಳು ಕೂರುತ್ತಲೇ ಇರುತ್ತದೆ. ಧೂಳು ಮುಚ್ಚಿದರೆ ಸ್ಪಾಟಿನ ಬಿಸಿ ಹೊರಗೆ ಹೋಗುವುದಿಲ್ಲ, ಹಾಗಾಗಿ ತಿಂಗಳಿಗೊಮ್ಮೆ ಮೇನ್ ಆಫ್ ಮಾಡಿ ಒಣ ಬ್ರಷ್‌ನಿಂದ ಒರೆಸಬೇಕು ಅಂತ ಹುಡುಗರಿಗೆ ಹೇಳಿದ್ದೇವೆ. ಟ್ರಯಲ್ ರೂಮಿನ ಲೈಟ್ ಇನ್ನೂ ಬಾಕಿ ಇದೆ. ಅಲ್ಲಿ ಟ್ರ್ಯಾಕ್ ಬೇಡ, ಕನ್ನಡಿಯ ಎರಡೂ ಪಕ್ಕ ಟ್ಯೂಬ್ ಲೈಟಿನಂಥ ಉದ್ದನೆಯ ಬ್ಯಾಟನ್ ಹಾಕೋಣ ಅಂದಿದ್ದೇನೆ.